ಭೂಕಕ್ಷೆಯ ಕಾವಲು ರೇಡಾರುಗಳು ಮತ್ತು ನರಗುಂದ–ರೋಣ–ಗಜೇಂದ್ರಗಡಗಳ ಆಕಾಶ

ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡ ಈ ಮೂರು ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಭೂಪಟದಲ್ಲಿ 15.7 ಡಿಗ್ರಿ ಉತ್ತರ ಅಕ್ಷಾಂಶದ ಗೆರೆಯನ್ನು ಎಳೆದರೆ ಅದು ಈ ಮೂರನ್ನೂ ಮುಟ್ಟಿಕೊಂಡೇ ಹಾದುಹೋಗುವುದು. ನರಗುಂದದಿಂದ ರೋಣಕ್ಕೆ ನೇರ ಗೆರೆಯಲ್ಲಿ ಸುಮಾರು 37 ಕಿ.ಮೀ., ರೋಣದಿಂದ ಗಜೇಂದ್ರಗಡಕ್ಕೆ ಸುಮಾರು 27 ಕಿ.ಮೀ.; ಒಟ್ಟು 64 ಕಿ.ಮೀ. ಎರೆಯ ಬಯಲಿನಲ್ಲಿ ಬಸ್ಸಿನ ಪ್ರಯಾಣಿಕನು ಗಂಟೆಗಳಲ್ಲಿ ಎಣಿಸುವ ಈ ದೂರವನ್ನು ನಾಲ್ಕುನೂರು ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹವು ಸುಮಾರು ಒಂಬತ್ತು ಸೆಕೆಂಡುಗಳಲ್ಲಿ ಕಳೆಯುತ್ತದೆ. ಈ ಒಂಬತ್ತು ಸೆಕೆಂಡುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಲೇಖನದ ಕೊನೆಯ ಭಾಗದಲ್ಲಿ ಇದೇ ಅಳತೆಗೋಲು ನಮಗೆ ಪುನಃ ಬೇಕಾಗುವುದು.

ಚಳಿಗಾಲದ ನಿರ್ಮಲ ಸಂಜೆಗಳಲ್ಲಿ ಸೂರ್ಯಾಸ್ತವಾದ ಮೇಲೆ ಮಿನುಗದೆ ಚಲಿಸುವ ನಕ್ಷತ್ರದಂಥ ಬೆಳಕೊಂದು ಆಕಾಶವನ್ನು ದಾಟುವುದನ್ನು ಈ ಸೀಮೆಯ ವಿದ್ಯಾರ್ಥಿಗಳು ಅನೇಕರು ಕಂಡಿದ್ದಾರೆ. ಅದನ್ನು ಕಂಡವರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಅದು ಯಾವುದು? ಅದನ್ನು ಲೆಕ್ಕವಿಟ್ಟು ನೋಡುತ್ತಿರುವವರು ಯಾರು? ಮೊದಲನೆಯದಕ್ಕೆ ಉತ್ತರ ಸುಲಭ. ಪ್ರಕಟಿತ ಪಟ್ಟಿಗಳನ್ನು ನೋಡಿ ಹೇಳಬಹುದು. ಎರಡನೆಯ ಪ್ರಶ್ನೆಯೇ ಕಠಿಣವಾದದ್ದು, ಮತ್ತು ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಮಹತ್ವದ್ದು. ಏಕೆಂದರೆ ಆ ಪಟ್ಟಿಗಳನ್ನು ಮೊದಲು ಸಿದ್ಧಪಡಿಸಿದವರು ಖಗೋಳಜ್ಞರಲ್ಲ, ಸೈನಿಕರು. ಅವರ ಠಾಣೆಗಳು ನೆಲೆಗೊಂಡ ಅಕ್ಷಾಂಶಗಳು ಯಾವುದು ಕಾಣುತ್ತದೆ, ಯಾವುದು ಕಾಣದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿವೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳೋಣ. ಜೀವಂತವಾದ ಉಪಗ್ರಹವು ತಾನೇ ಬಾನುಲಿ ಸಂಕೇತವನ್ನು ಕಳುಹಿಸುತ್ತದೆ. ಅದನ್ನು ಕೇಳಿ ಅದರ ಸ್ಥಾನವನ್ನು ಕಂಡುಕೊಳ್ಳುವುದು ಒಂದು ಬಗೆ. ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿರುವ 18 ಮತ್ತು 32 ಮೀಟರ್ ವ್ಯಾಸದ ದೊಡ್ಡ ಬೋಗುಣಿ ಆಂಟೆನಾಗಳು ಈ ಬಗೆಯ ಕೆಲಸಕ್ಕಾಗಿ ಇವೆ. ಆದರೆ ಬ್ಯಾಟರಿ ಸತ್ತ ಉಪಗ್ರಹ, ಇಂಧನ ತೀರಿದ ರಾಕೆಟ್ಟಿನ ಕೊನೆಯ ಹಂತ, ಸ್ಫೋಟದಿಂದ ಚೆದರಿದ ಚೂರುಗಳು ಮಾತನಾಡುವುದಿಲ್ಲ. ಅವುಗಳ ಮೇಲೆ ನಾವೇ ವಿದ್ಯುತ್ಕಾಂತ ತರಂಗಗಳನ್ನು ಎಸೆದು ಮರಳಿ ಬರುವ ಪ್ರತಿಧ್ವನಿಯನ್ನು ಹಿಡಿಯಬೇಕು. ಇದು ರೇಡಾರಿನ ಕೆಲಸ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದಾಗ ಅದರ ಕೂಗನ್ನು ಜಗತ್ತಿನ ಹವ್ಯಾಸಿಗಳೆಲ್ಲ ಕೇಳಿದರು. ಆದರೆ ಅದನ್ನು ಹೊತ್ತೊಯ್ದ ಮೂಕ ರಾಕೆಟ್ಟನ್ನು ಹಿಡಿಯಲು ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ದೂರದರ್ಶಕಕ್ಕೆ ರೇಡಾರನ್ನು ಜೋಡಿಸಬೇಕಾಯಿತು. ಅಕ್ಟೋಬರ್ 12ರಂದು ಅದರ ಪ್ರತಿಧ್ವನಿ ದೊರೆಯಿತು.

ಸೈನ್ಯದವರ ಚಿಂತೆಯು ಇದೇ ಮೌನದ ಕುರಿತಾಗಿತ್ತು. ತನ್ನ ಇರವನ್ನು ಸಾರದೆ ತಲೆಯ ಮೇಲೆ ಹಾದುಹೋಗುವ ಶತ್ರುವಿನ ಉಪಗ್ರಹವನ್ನು ಕಾಣುವುದು ಹೇಗೆ? ಅಮೆರಿಕದ ನೌಕಾಸೇನೆಯು ಇದಕ್ಕೆ ಕಂಡುಕೊಂಡ ಉಪಾಯ ಒಂದು ಬೇಲಿ. ದೇಶದ ದಕ್ಷಿಣ ಭಾಗದ ಉದ್ದಕ್ಕೂ, ಸುಮಾರು 33ನೆಯ ಅಕ್ಷಾಂಶದ ನೆರೆಯಲ್ಲಿ, ಒಂದೇ ಮಹಾವೃತ್ತದ ಮೇಲೆ ಮೂರು ಪ್ರೇಷಕ ಠಾಣೆಗಳನ್ನು ಸ್ಥಾಪಿಸಿದರು: ಅರಿಜೋನಾದ ಗಿಲಾ ನದಿ, ಟೆಕ್ಸಾಸಿನ ಕಿಕಾಪೂ ಸರೋವರ, ಅಲಬಾಮಾದ ಜೋರ್ಡನ್ ಸರೋವರ. ನಮ್ಮ ಮೂರು ಊರುಗಳಂತೆ ಒಂದೇ ಗೆರೆಯ ಮೇಲೆ ನಿಂತ ಇವು ಆಕಾಶದೆಡೆಗೆ ಬೀಸಣಿಗೆಯಾಕಾರದಲ್ಲಿ ತೆಳುವಾದ ತರಂಗಪಟ್ಟಿಯನ್ನು ಎಡೆಬಿಡದೆ ಕಳುಹಿಸುತ್ತಿದ್ದವು. ಕಿಕಾಪೂವಿನ ಆಂಟೆನಾ ಸಾಲು ಎರಡು ಮೈಲಿಗಳಷ್ಟು ಉದ್ದವಾಗಿತ್ತು. ಯಾವುದೇ ವಸ್ತುವು ಈ ತೆಳುಗೋಡೆಯನ್ನು ದಾಟುವ ಕ್ಷಣದಲ್ಲಿ ತರಂಗವು ಚೆದರಿ, ನಡುನಡುವೆ ಇದ್ದ ಆರು ಗ್ರಾಹಕ ಠಾಣೆಗಳಲ್ಲಿ ಒಂದೆರಡಕ್ಕಾದರೂ ತಲುಪುತ್ತಿತ್ತು. ಎರಡು ಠಾಣೆಗಳು ಕೋನಗಳನ್ನು ಅಳೆದರೆ ತ್ರಿಕೋನಮಿತಿಯಿಂದ ಸ್ಥಾನವು ಸಿಕ್ಕುವುದು. ಹೊಲದ ಬದುವಿನ ಮೇಲೆ ಎಳೆದ ದಾರಕ್ಕೆ ಗಂಟೆ ಕಟ್ಟಿದಂತೆ ಎಂದು ಹೇಳಿದರೆ ಹೋಲಿಕೆ ಒರಟಾದರೂ ತಪ್ಪಾಗದು.

ಈ ಬೇಲಿಯ ಮೊದಲ ಬೇಟೆಯ ಕಥೆ ಸ್ವಾರಸ್ಯವಾಗಿದೆ. 1960ರ ಆರಂಭದಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ‘ಕಪ್ಪು ಉಪಗ್ರಹ’ವೊಂದು ಅದಕ್ಕೆ ಸಿಕ್ಕಿತು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ವಿಚಾರಿಸಿ ನೋಡಲಾಗಿ ಅದು ಅಮೆರಿಕದ್ದೇ. 1959ರಲ್ಲಿ ಹಾರಿಸಿದ ಡಿಸ್ಕವರರ್ 5ರ ಕೋಶವು ಕೆಳಗಿಳಿಯುವುದರ ಬದಲು ದಿಕ್ಕು ತಪ್ಪಿ ಮೇಲಿನ ಕಕ್ಷೆಗೆ ಏರಿ ಅಲೆಯುತ್ತಿತ್ತು. ಅದೇ ವರ್ಷದ ಅಕ್ಟೋಬರ್ 5ರಂದು ಗ್ರೀನ್‌ಲೆಂಡಿನ ಥೂಲೆಯಲ್ಲಿದ್ದ ಕ್ಷಿಪಣಿ ಎಚ್ಚರಿಕೆಯ ರೇಡಾರು ಇನ್ನೂ ದೊಡ್ಡ ತಪ್ಪು ಮಾಡಿತು. ನಾರ್ವೆಯ ಕಡೆ ಉದಯಿಸುತ್ತಿದ್ದ ಚಂದ್ರನಿಂದ ಮರಳಿದ ಪ್ರತಿಧ್ವನಿಯನ್ನು ಅದು ಕ್ಷಿಪಣಿಗಳ ದಾಳಿಯೆಂದು ಭಾವಿಸಿತು. ಚಂದ್ರನವರೆಗೆ ಹೋಗಿ ಬರಲು ತರಂಗಕ್ಕೆ ಎರಡೂವರೆ ಸೆಕೆಂಡು ಬೇಕು. ಅಷ್ಟು ತಡವಾಗಿ ಬರುವ ಪ್ರತಿಧ್ವನಿಯನ್ನು ಯಂತ್ರವನ್ನು ರಚಿಸಿದವರು ನಿರೀಕ್ಷಿಸಿರಲಿಲ್ಲ. ಅದೃಷ್ಟವಶಾತ್ ಮನುಷ್ಯರು ಯಂತ್ರವನ್ನು ನಂಬಲಿಲ್ಲ. ರೇಡಾರು ದೂರವನ್ನು ಅಳೆಯುವುದು ಕಾಲದಿಂದ ಎಂಬುದನ್ನು ತರಗತಿಯಲ್ಲಿ ಬೋಧಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಂಡಿಲ್ಲ.

ಈಗ ಅಕ್ಷಾಂಶದ ವಿಷಯಕ್ಕೆ ಬರೋಣ. ಉಪಗ್ರಹದ ಕಕ್ಷೆಯ ಸಮತಲಕ್ಕೂ ಸಮಭಾಜಕದ ಸಮತಲಕ್ಕೂ ನಡುವಣ ಕೋನವನ್ನು ಕಕ್ಷೆಯ ಓರೆ ಎಂದು ಕರೆಯೋಣ. ಓರೆ 50 ಡಿಗ್ರಿ ಇದ್ದರೆ ಉಪಗ್ರಹವು ಉತ್ತರಕ್ಕೆ 50ನೆಯ ಅಕ್ಷಾಂಶದವರೆಗೂ ದಕ್ಷಿಣಕ್ಕೆ ಅಷ್ಟೇ ದೂರವೂ ಹೋಗಿ ಬರುತ್ತದೆ; ಅದಕ್ಕೂ ಆಚೆ ಅದು ಯಾರ ನೆತ್ತಿಯ ಮೇಲೂ ಹಾಯದು. ಆದುದರಿಂದ ಅಮೆರಿಕದ ಬೇಲಿಗೆ ಸುಮಾರು 30 ಡಿಗ್ರಿಗಿಂತ ಕಡಿಮೆ ಓರೆಯ ವಸ್ತುಗಳು ಸಿಕ್ಕುತ್ತಿರಲಿಲ್ಲ. ಅವು ಆ ಗೆರೆಯನ್ನು ದಾಟುವುದೇ ಇಲ್ಲ. ಥೂಲೆ, ಅಲಾಸ್ಕಾದ ಕ್ಲಿಯರ್, ಇಂಗ್ಲೆಂಡಿನ ಫೈಲಿಂಗ್‌ಡೇಲ್ಸ್ ಮೊದಲಾದ ದೊಡ್ಡ ಠಾಣೆಗಳಂತೂ ಇನ್ನೂ ಉತ್ತರಕ್ಕಿದ್ದವು. ಉತ್ತರ ಧ್ರುವದ ಮೇಲಿಂದ ಬರಬಹುದಾದ ಕ್ಷಿಪಣಿಗಳನ್ನು ಕಾಯಲು ಅವುಗಳನ್ನು ಕಟ್ಟಿದ್ದು; ಉಪಗ್ರಹಗಳನ್ನು ಎಣಿಸುವುದು ಅವುಗಳಿಗೆ ಉಪಕಸುಬು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿದ ಆಸ್ಟ್ರೋಸ್ಯಾಟ್ ಖಗೋಳ ವೀಕ್ಷಣಾಲಯವನ್ನು ಸುಮಾರು 650 ಕಿ.ಮೀ. ಎತ್ತರದ, ಕೇವಲ 6 ಡಿಗ್ರಿ ಓರೆಯ ಕಕ್ಷೆಯಲ್ಲಿ ಇರಿಸಲಾಯಿತು. ಆ ಎತ್ತರದ ವಸ್ತುವು ತನ್ನ ಕೆಳಗಿನ ಬಿಂದುವಿನಿಂದ ಸುಮಾರು 25 ಡಿಗ್ರಿಗಳಷ್ಟು ದೂರದವರಿಗೆ ಮಾತ್ರ ದಿಗಂತದ ಮೇಲೆ ಕಾಣಬಲ್ಲದು. 6ಕ್ಕೆ 25ನ್ನು ಕೂಡಿಸಿದರೆ 31. ಅಂದರೆ 31ನೆಯ ಅಕ್ಷಾಂಶಕ್ಕಿಂತ ಉತ್ತರಕ್ಕಿರುವ ಯಾವ ರೇಡಾರಿಗೂ, ಅದರ ಶಕ್ತಿ ಎಷ್ಟೇ ಇರಲಿ, ಆಸ್ಟ್ರೋಸ್ಯಾಟ್ ಕಾಣದು, ಭೂಮಿಯೇ ಅಡ್ಡ. ರೋಣದಲ್ಲಿ ನಿಂತವನಿಗಾದರೋ ಅದು ಅನುಕೂಲವಾದ ಸುತ್ತಿನಲ್ಲಿ ದಕ್ಷಿಣ ದಿಗಂತದಿಂದ ಸುಮಾರು 25 ಡಿಗ್ರಿ ಮೇಲಕ್ಕೆ ಬರುವುದು. ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಹುಡೇವುಗಳನ್ನು, ಅಂದರೆ ಹಳೆಯ ಕಾವಲು ಗೋಪುರಗಳನ್ನು, ನೋಡಿದವರಿಗೆ ಈ ಮಾತು ಹೊಸದಲ್ಲ. ಹುಡೇವು ಎಷ್ಟು ಎತ್ತರ ಎಂಬುದರಷ್ಟೇ ಅದು ಊರಿನ ಯಾವ ಮಗ್ಗುಲಲ್ಲಿದೆ ಎಂಬುದೂ ಮುಖ್ಯ.

ಅಮೆರಿಕದವರು ಇದನ್ನು ಅರಿಯದೆ ಇರಲಿಲ್ಲ. ಹಳೆಯ ಬೇಲಿಯನ್ನು 2013ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿದ ಮೇಲೆ ಹೊಸ ಬೇಲಿಯನ್ನು ತಮ್ಮ ದೇಶದ ನೆಲದಲ್ಲಿ ಕಟ್ಟದೆ ಶಾಂತಸಾಗರದ ನಡುವೆ, 9 ಡಿಗ್ರಿ ಅಕ್ಷಾಂಶದ ಕ್ವಾಜಲೀನ್ ಹವಳದ್ವೀಪದಲ್ಲಿ ಕಟ್ಟಿದರು. ಅದು 2020ರ ಮಾರ್ಚಿನಲ್ಲಿ ಕಾರ್ಯಾರಂಭ ಮಾಡಿತು. ತರಂಗದೂರವನ್ನೂ ಬದಲಿಸಿದರು. ಹಳೆಯದು 217 ಮೆಗಾಹರ್ಟ್ಸ್‌ಗೆ ಸಮೀಪದ ಆವೃತ್ತಿಯದು, ತರಂಗದೂರ ಸುಮಾರು 1.4 ಮೀಟರ್. ತರಂಗದೂರಕ್ಕಿಂತ ಬಹಳ ಚಿಕ್ಕದಾದ ವಸ್ತುವು ತರಂಗವನ್ನು ತೀರ ದುರ್ಬಲವಾಗಿ ಚೆದರಿಸುತ್ತದೆಂಬುದು ರ‍್ಯಾಲೆಯ ನಿಯಮ. ಆಕಾಶವು ನೀಲಿಯಾಗಿ ಕಾಣಲು ಕಾರಣವಾದ ನಿಯಮವೂ ಇದೇ. ಹಾಗಾಗಿ ಹಳೆಯ ಬೇಲಿಯಲ್ಲಿ ನುಸುಳಿಹೋಗುತ್ತಿದ್ದ ಅಂಗೈ ಗಾತ್ರದ ಚೂರುಗಳು ಸೆಂಟಿಮೀಟರುಗಳ ತರಂಗದೂರದ ಹೊಸ ಬೇಲಿಗೆ ಸಿಕ್ಕುತ್ತವೆ.

ನಮ್ಮ ದೇಶದ ಮಟ್ಟಿಗೆ ಈ ಪ್ರಶ್ನೆ ಬಹಳ ಹಿಂದೆಯೇ ಹುಟ್ಟಿದ್ದೆಂದು ಹೇಳಬೇಕು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಕಕ್ಷೆಗೆ ಏರಿತು. ಎರಡು ರೂಪಾಯಿಯ ನೋಟಿನ ಮೇಲೆ ಅದರ ಚಿತ್ರವನ್ನು ಹಿರಿಯರು ಕಂಡಿದ್ದಾರೆ. ಅದರ ಮೂಲ ವ್ಯವಸ್ಥೆಯು 1981ರವರೆಗೆ ಜೀವಂತವಾಗಿತ್ತು. ಆಮೇಲೆ 1992ರ ಫೆಬ್ರವರಿಯಲ್ಲಿ ವಾಯುಮಂಡಲವನ್ನು ಹೊಕ್ಕು ನಾಶವಾಗುವವರೆಗೆ, ಸುಮಾರು ಹನ್ನೊಂದು ವರ್ಷಗಳ ಕಾಲ, ಅದು ಮೂಕವಾಗಿ ಸುತ್ತುತ್ತಿತ್ತು. ಅದರ ಓರೆ 50.7 ಡಿಗ್ರಿಯಾದುದರಿಂದ ಉತ್ತರದ ರೇಡಾರುಗಳಿಗೆ ಅದು ಸಿಕ್ಕುತ್ತಿತ್ತು. ಅಮೆರಿಕದ ಸೈನಿಕ ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ 7752. ನಮ್ಮ ನಾಡಿನಲ್ಲೇ ಕಟ್ಟಿದ, ಈ ಎರೆಯ ಹೊಲಗಳ ಮೇಲೂ ಹಾದುಹೋಗುತ್ತಿದ್ದ ಉಪಗ್ರಹವು ಮಾತು ನಿಲ್ಲಿಸಿದ ಮೇಲೆ ಎಲ್ಲಿದೆಯೆಂಬುದನ್ನು ತಿಳಿಯಲು ಪರರ ಸೇನೆಯ ಪಟ್ಟಿಯನ್ನು ತೆರೆಯಬೇಕಾಗಿತ್ತು.

ಪರರ ಪಟ್ಟಿಯಿಂದ ಪ್ರಯೋಜನವಿಲ್ಲವೆಂದು ನಾವು ಹೇಳುತ್ತಿಲ್ಲ. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ವಸ್ತುಗಳ ಕಕ್ಷೆಗಳನ್ನು ಅದು ಕಾಯುತ್ತದೆ, ಮತ್ತು ಅದರ ದೊಡ್ಡ ಭಾಗವು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಆದರೆ ತನ್ನ ಗುಪ್ತ ಉಪಗ್ರಹಗಳನ್ನು ಆ ಸೇನೆ ಪಟ್ಟಿಯಿಂದ ಬಿಡುತ್ತದೆ. ಸಾರ್ವಜನಿಕರಿಗೆ ಕೊಡುವ ಅಂಕಿಗಳಲ್ಲಿ ಒಂದು ಕಿಲೋಮೀಟರಿನಷ್ಟು ತಪ್ಪು ಇರುವುದು ಸಾಮಾನ್ಯ. ಎರಡು ವಸ್ತುಗಳು ಡಿಕ್ಕಿ ಹೊಡೆಯುವುವೋ ಇಲ್ಲವೋ ಎಂಬ ಪ್ರಶ್ನೆಗೆ ಒಂದು ಕಿಲೋಮೀಟರ್ ಬಹಳ ದೊಡ್ಡ ತಪ್ಪು. 2009ರ ಫೆಬ್ರವರಿ 10ರಂದು ಸೈಬೀರಿಯದ ಮೇಲೆ, 789 ಕಿ.ಮೀ. ಎತ್ತರದಲ್ಲಿ, ಇರಿಡಿಯಂ 33 ಮತ್ತು ಸತ್ತುಹೋಗಿದ್ದ ಕಾಸ್ಮಾಸ್ 2251 ಪರಸ್ಪರ ಬಡಿದು ಸಾವಿರಾರು ಚೂರುಗಳಾದವು. ಎರಡೂ ಪಟ್ಟಿಯಲ್ಲಿದ್ದವು. ಆದರೂ ತಪ್ಪಿಸಲಾಗಲಿಲ್ಲ.

ಭಾರತದ ಸ್ವಂತ ಪ್ರಯತ್ನದಲ್ಲಿ ಗಮನಾರ್ಹವಾದುದು ಶ್ರೀಹರಿಕೋಟೆಯಲ್ಲಿ ಇಸ್ರೋ ಸ್ಥಾಪಿಸಿದ ಬಹುವಸ್ತು ಅನುಸರಣ ರೇಡಾರು. ಇದು ಸೈನಿಕ ಸಂಸ್ಥೆಯದಲ್ಲ; ಆದರೆ ಮೇಲೆ ಹೇಳಿದ ಠಾಣೆಗಳ ಕೆಲಸವನ್ನೇ ಮಾಡುತ್ತದೆ. ಸುಮಾರು 12 ಮೀಟರ್ ಉದ್ದ, 8 ಮೀಟರ್ ಎತ್ತರ, 35 ಟನ್ ತೂಕದ ಇದರ ಫಲಕದಲ್ಲಿ ಸಾವಿರಾರು ಚಿಕ್ಕ ವಿಕಿರಕಗಳಿವೆ. ಒಂದೊಂದರ ತರಂಗದ ಹಂತವನ್ನು ವಿದ್ಯುತ್ತಿನಿಂದ ಬದಲಿಸಿ, ಫಲಕವನ್ನು ಅಲುಗಿಸದೆಯೇ ಕಿರಣವನ್ನು ಕ್ಷಣಾರ್ಧದಲ್ಲಿ ಬೇರೆಡೆಗೆ ತಿರುಗಿಸಬಹುದು. ಇದರಿಂದ ಹತ್ತು ವಸ್ತುಗಳನ್ನು ಏಕಕಾಲಕ್ಕೆ ಹಿಂಬಾಲಿಸಲು ಸಾಧ್ಯವಾಗಿದೆ. ಪ್ರಕಟಿತ ವಿವರದಂತೆ 800 ಕಿ.ಮೀ. ದೂರದಲ್ಲಿ 30 ಸೆಂ.ಮೀ. ಚೌಕದ ವಸ್ತುವನ್ನೂ, 1000 ಕಿ.ಮೀ. ದೂರದಲ್ಲಿ 50 ಸೆಂ.ಮೀ. ಚೌಕದ ವಸ್ತುವನ್ನೂ ಇದು ಗುರುತಿಸಬಲ್ಲದು.

ಈ ಎರಡು ಅಂಕಿಗಳನ್ನು ವಿದ್ಯಾರ್ಥಿಗಳು ಪರೀಕ್ಷಿಸಿ ನೋಡಬಹುದು. ರೇಡಾರಿನ ತರಂಗವು ಹೋಗುವಾಗ ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆ. ಪ್ರತಿಧ್ವನಿಯು ಬರುವಾಗಲೂ ಹಾಗೆಯೇ. ಆದುದರಿಂದ ಮರಳಿ ಸಿಕ್ಕುವ ಶಕ್ತಿಯು ದೂರದ ನಾಲ್ಕನೆಯ ಘಾತಕ್ಕೆ ವಿಲೋಮ. ದೂರವು 800ರಿಂದ 1000ಕ್ಕೆ ಏರಿದರೆ, ಅಂದರೆ ಒಂದೂಕಾಲು ಪಟ್ಟಾದರೆ, ಅಷ್ಟೇ ಪ್ರತಿಧ್ವನಿಗೆ ಸುಮಾರು 2.4 ಪಟ್ಟು ದೊಡ್ಡ ಗುರಿ ಬೇಕು. 30 ಮತ್ತು 50 ಸೆಂ.ಮೀ. ಚೌಕಗಳ ವಿಸ್ತೀರ್ಣಗಳ ಪ್ರಮಾಣ 2.8. ಸಂಖ್ಯೆಗಳನ್ನು ಪೂರ್ಣಾಂಕಕ್ಕೆ ತಂದಿರುವುದನ್ನು ಗಣಿಸಿದರೆ ಪುಸ್ತಕದ ಸೂತ್ರವೂ ಯಂತ್ರವೂ ಒಂದನ್ನೇ ಹೇಳುತ್ತಿವೆ.

ಈ ರೇಡಾರಿನ ಕಣ್ಣಿಗೆ ನಮ್ಮ ಮೂರು ಊರುಗಳ ಆಕಾಶವು ಬೀಳುತ್ತದೆಯೆ? ಶ್ರೀಹರಿಕೋಟೆಯು 13.7 ಡಿಗ್ರಿ ಅಕ್ಷಾಂಶ, 80.2 ಡಿಗ್ರಿ ರೇಖಾಂಶದಲ್ಲಿದೆ. ರೋಣವು ಅಲ್ಲಿಂದ ನೆಲದ ಮೇಲೆ ಸುಮಾರು 530 ಕಿ.ಮೀ. ಭೂಮಿಯ ಬಾಗನ್ನು ಗಣನೆಗೆ ತೆಗೆದುಕೊಂಡು, ಪ್ರತಿಯೊಂದು ಊರಿನ ನೆತ್ತಿಯ ಮೇಲೆ 800 ಕಿ.ಮೀ. ಎತ್ತರದಲ್ಲಿ ಇರುವ ವಸ್ತುವಿಗೆ ರೇಡಾರಿನಿಂದ ಎಷ್ಟು ದೂರವೆಂದು ನಾವು ಲೆಕ್ಕಹಾಕಿದೆವು. ಗಜೇಂದ್ರಗಡದ ಮೇಲಿನದಕ್ಕೆ 965 ಕಿ.ಮೀ.; ರೋಣದ ಮೇಲಿನದಕ್ಕೆ ಸುಮಾರು 980; ನರಗುಂದದ ಮೇಲಿನದಕ್ಕೆ 1000. ಅಂದರೆ ಆ ಎತ್ತರದಲ್ಲಿ ರೇಡಾರಿನ ಪ್ರಕಟಿತ ವ್ಯಾಪ್ತಿಯ ಅಂಚು ನರಗುಂದದ ಗುಡ್ಡದ ನೆತ್ತಿಯ ಮೇಲೆಯೇ ಹಾಯುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಧಾರವಾಡ, ಕಾರವಾರ, ಅರಬ್ಬೀ ಸಮುದ್ರಗಳ ಮೇಲಿನ ಅದೇ ಎತ್ತರದ ವಸ್ತುಗಳು ವ್ಯಾಪ್ತಿಯ ಹೊರಗೆ ಉಳಿಯುತ್ತವೆ. 500 ಕಿ.ಮೀ. ಎತ್ತರಕ್ಕೆ ಇಳಿದರೆ ರೋಣದ ಮೇಲಿನ ದೂರ 750ಕ್ಕಿಂತ ಕಡಿಮೆಯಾಗಿ ಪರಿಸ್ಥಿತಿ ಉತ್ತಮವಾಗುತ್ತದೆ. ಆದರೆ ಇರಿಡಿಯಂ–ಕಾಸ್ಮಾಸ್ ಡಿಕ್ಕಿಯ ಎತ್ತರ, ನಮ್ಮ ದೂರಸಂವೇದಿ ಉಪಗ್ರಹಗಳಲ್ಲಿ ಅನೇಕವು ಹಾರಿದ ಎತ್ತರ, ಎಂಟುನೂರರ ಆಸುಪಾಸಿನದು. ಆಸ್ಟ್ರೋಸ್ಯಾಟಿನ ಕಕ್ಷೆಗೂ ಇದೇ ಲೆಕ್ಕವನ್ನು ಮಾಡಿದಾಗ, ಅದು ಅತಿ ಸಮೀಪಕ್ಕೆ ಬಂದಾಗಲೂ ಶ್ರೀಹರಿಕೋಟೆಯಿಂದ ಸುಮಾರು 1100 ಕಿ.ಮೀ. ದೂರವೆಂದು ತಿಳಿಯಿತು. ಈ ಫಲಿತಾಂಶ ನಮಗೇ ಅನಿರೀಕ್ಷಿತವಾಗಿತ್ತು. ಅಕ್ಷಾಂಶದ ಅನುಕೂಲ ಒಂದೇ ಸಾಲದು, ವ್ಯಾಪ್ತಿಯೂ ಬೇಕು. ವ್ಯಾಪ್ತಿಯನ್ನು ಇಮ್ಮಡಿಗೊಳಿಸಲು ಶಕ್ತಿಯನ್ನು ಹದಿನಾರು ಪಟ್ಟು ಹೆಚ್ಚಿಸಬೇಕೆಂಬ ನಾಲ್ಕನೆಯ ಘಾತದ ನಿಯಮವು ಇಲ್ಲಿ ದೇಶದ ಬೊಕ್ಕಸವನ್ನು ಮುಟ್ಟುತ್ತದೆ.

ಹಾಗಾದರೆ ಗಜೇಂದ್ರಗಡದ ಗುಡ್ಡದ ಮೇಲೊಂದು ರೇಡಾರನ್ನಿಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ಅಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಅವುಗಳ ರೆಕ್ಕೆಗಳು ವಿಮಾನಗಳನ್ನು ಕಾಯುವ ರೇಡಾರುಗಳಿಗೆ ನಿಜವಾದ ಪೀಡೆ. ಸೆಕೆಂಡಿಗೆ ಏಳು ಕಿ.ಮೀ. ಓಡುವ ಉಪಗ್ರಹದ ಡಾಪ್ಲರ್ ಪಲ್ಲಟದೊಡನೆ ಹೋಲಿಸಿದರೆ ರೆಕ್ಕೆಯ ಚಲನೆ ಅತ್ಯಲ್ಪವಾದುದರಿಂದ ಮೇಲ್ಮುಖ ರೇಡಾರಿಗೆ ಅಷ್ಟು ತೊಂದರೆಯಾಗದೆಂದು ನಮಗೆ ತೋರುತ್ತದೆ. ಪ್ರಶ್ನೆ ಸದ್ಯಕ್ಕೆ ವಿನೋದದ್ದು, ಮುಂದೆ ಹೋಗೋಣ.

ಈ ಎಲ್ಲ ವೀಕ್ಷಣೆಗಳ ಲೆಕ್ಕ ನಡೆಯುವ ಸ್ಥಳವೂ ಕರ್ನಾಟಕದಲ್ಲಿಯೇ ಇದೆ. 1976ರಲ್ಲಿ ಸ್ಥಾಪಿತವಾದ ಇಸ್ಟ್ರಾಕ್ ಸಂಸ್ಥೆಯ ಪೀಣ್ಯದ ಆವರಣದಲ್ಲಿ 2020ರ ಡಿಸೆಂಬರ್ 14ರಂದು ‘ನೇತ್ರ’ ಯೋಜನೆಯ ನಿಯಂತ್ರಣ ಕೇಂದ್ರವು ಆರಂಭವಾಯಿತು. ಪರರ ಪಟ್ಟಿಯಿಂದ ಬರುವ ಎಚ್ಚರಿಕೆಗಳನ್ನು ನಮ್ಮ ಉಪಗ್ರಹಗಳ ನಿಖರವಾದ ಕಕ್ಷೆಗಳೊಡನೆ ತಾಳೆ ನೋಡಿ, ಅಪಾಯವು ನಿಜವಾದರೆ ಉಪಗ್ರಹವನ್ನು ಪಕ್ಕಕ್ಕೆ ಸರಿಸುವ ನಿರ್ಧಾರ ಇಸ್ರೋದ್ದು. 2022ರಲ್ಲಿ 21 ಬಾರಿ, 2023ರಲ್ಲಿ 23 ಬಾರಿ ಹೀಗೆ ಸರಿಸಬೇಕಾಯಿತು. ಸರಿಸಿದಾಗಲೆಲ್ಲ ಇಂಧನ ವ್ಯಯವಾಗಿ ಉಪಗ್ರಹದ ಆಯುಸ್ಸು ಕಡಿಮೆಯಾಗುವುದರಿಂದ ಸುಳ್ಳು ಎಚ್ಚರಿಕೆಗೂ ಬೆಲೆಯುಂಟು. 2023ರ ಮಾರ್ಚ್ 7ರಂದು ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು ಶಾಂತಸಾಗರದ ನಿರ್ಜನ ಭಾಗದ ಮೇಲೆ ಕೆಳಗಿಳಿಸಿ ನಾಶಗೊಳಿಸಿದ್ದೂ ಇದೇ ಇಸ್ಟ್ರಾಕ್‌ನಿಂದ. ಅದರ ಓರೆ 20 ಡಿಗ್ರಿ; ಹಳೆಯ ಬೇಲಿಗೆ ಸಿಕ್ಕದಂಥ ಕಕ್ಷೆಯೇ.

ಸೈನ್ಯವೂ ಈ ಕ್ಷೇತ್ರದಿಂದ ದೂರವಿಲ್ಲ. 2019ರ ಮಾರ್ಚ್ 27ರಂದು ನಮ್ಮದೇ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಸುಮಾರು 280 ಕಿ.ಮೀ. ಎತ್ತರದಲ್ಲಿ ಕ್ಷಿಪಣಿಯಿಂದ ಒಡೆದು ತೋರಿಸಲಾಯಿತು. ನೂರಕ್ಕೂ ಹೆಚ್ಚು ಚೂರುಗಳು ಪಟ್ಟಿಯಾದವು. ಎತ್ತರ ಕಡಿಮೆ ಇದ್ದುದರಿಂದ ಹೆಚ್ಚಿನವು ತಿಂಗಳುಗಳಲ್ಲಿ ಉರಿದುಹೋದವು. ಮೇಲಕ್ಕೆ ಚಿಮ್ಮಿದ ಕೆಲವು 2022ರವರೆಗೂ ಸುತ್ತಿದವು. ಅವುಗಳನ್ನು ಒಂದೊಂದಾಗಿ ಎಣಿಸಿ ಜಗತ್ತಿಗೆ ತಿಳಿಸಿದ ಪಟ್ಟಿ ಅಮೆರಿಕದ ಸೇನೆಯದೇ ಎಂಬುದನ್ನು ಇಲ್ಲಿ ಗಮನಿಸಬೇಕು. ಅದೇ 2019ರಲ್ಲಿ ಭಾರತದ ಮೂರು ಸೇನೆಗಳಿಗೆ ಸಂಬಂಧಿಸಿದ ರಕ್ಷಣಾ ಬಾಹ್ಯಾಕಾಶ ಸಂಸ್ಥೆಯು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಸ್ಥಾಪಿತವಾಯಿತು. ಸೇನೆಗೆ ರೇಡಾರುಗಳನ್ನು ರೂಪಿಸುವ ಎಲ್‌ಆರ್‌ಡಿಇ ಪ್ರಯೋಗಾಲಯವೂ ಅದೇ ನಗರದಲ್ಲಿದೆ.

ಕೊನೆಯದಾಗಿ ಆರಂಭದ ಅಳತೆಗೋಲಿಗೆ ಮರಳೋಣ. 2023ರ ಜುಲೈ 14ರಂದು ಚಂದ್ರಯಾನ-3ರ ರಾಕೆಟ್ಟನ್ನು ನಿಗದಿಯಾದ ಹೊತ್ತಿಗಿಂತ 4 ಸೆಕೆಂಡು ತಡವಾಗಿ ಹಾರಿಸಲಾಯಿತು. ಕಕ್ಷೆಯಲ್ಲಿದ್ದ ವಸ್ತುವೊಂದಕ್ಕೆ ಅದು ತೀರ ಹತ್ತಿರ ಬರುವುದೆಂದು ಲೆಕ್ಕವು ತೋರಿಸಿತ್ತು. ದೂರದರ್ಶನದಲ್ಲಿ ನೋಡುತ್ತಿದ್ದವರಾರೂ ಆ ನಾಲ್ಕು ಸೆಕೆಂಡುಗಳನ್ನು ಗಮನಿಸಿರಲಾರರು. ಆ ಅವಧಿಯಲ್ಲಿ ಕೆಳಕಕ್ಷೆಯ ವಸ್ತುವಿನ ನೆರಳು ನೆಲದ ಮೇಲೆ ಸುಮಾರು 28 ಕಿ.ಮೀ. ಸರಿಯುತ್ತದೆ. ರೋಣದ ಮೇಲೆ ಇದ್ದದ್ದು ಗಜೇಂದ್ರಗಡದ ಮೇಲಕ್ಕೆ ಹೋಗಿರುತ್ತದೆ.